ಮಾಳವ್ವ ತೆರೆದ ಕಿಟಕಿ

“ಕೇಳ್ರಪ್ಪೋ ಕೇಳಿ! ಕೂಸಿನ ಕೋಣೆಯ ಕಿಟಕಿ ತೆರೆದ ದಾದಿ ಮಾಳವ್ವನಿಗೆ ಹುಣ್ಣಿಮೆಯಂದು ಗಲ್ಲು! ಅರಸರ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರಿಗೂ ಗಲ್ಲು!” ಡಂಗುರದವನು ಬೀದಿ ಬೀದಿಯಲ್ಲಿ ಸಾರಿದ.

ಮಂಜಿನಕೋಟೆಯ ಅರಸ ವೀರಕೇತು ಕೆಟ್ಟವನಲ್ಲ, ಹೆದರಿದವನು. ರಾಣಿ ಚಳಿಗೆ ತೀರಿಕೊಂಡ ಮೇಲೆ ಅರಮನೆಯ ಸಂದುಗೊಂದಿಗೆಲ್ಲ ಅರಗು ಮೆತ್ತಿಸಿದ್ದ. ಒಳಗೆ ತಾಯಿಲ್ಲದ ಕೂಸು ಬಾಡುತ್ತಿತ್ತು.

ಮೊದಲೆರಡು ಒಗಟು ಸುಲಭ. ಮೂರನೆಯದನ್ನು ಕೂಸಿನ ಕೋಣೆಯಲ್ಲಿ ಮಾಡಿಯೇ ತೋರಿಸಬೇಕಿತ್ತು. ಅದಕ್ಕೆ ದಳವಾಯಿ, “ಕಿಟಕಿ ಬೆರಳಷ್ಟೇ ತೆರೆಯಿರಿ” ಎಂದ. ಕೋಣೆ ತಣ್ಣಗಾಯಿತು. ಶಿಲ್ಪಿ, “ಇನ್ನೆರಡು ಒಲೆ ಹಚ್ಚಿ” ಎಂದ. ಆ ಬಿಸಿಯೂ ಕಿಟಕಿಯಿಂದಲೇ ಹೋಯಿತು. ಇಬ್ಬರೂ ಗಲ್ಲಿನ ದಿನ ಕಾಯುತ್ತ ಸೆರೆಮನೆ ಸೇರಿದರು. ಒಗಟು ಊರಿಗೆಲ್ಲ ಗೊತ್ತಾಯಿತು.

ಹುಣ್ಣಿಮೆಯ ಬೆಳಿಗ್ಗೆ ಕುಂಬಾರರ ಪುಟ್ಟೀರಿ ಮಣ್ಣಿನ ಕೊಳವೆ ಹೊತ್ತು ಬಂದು ನಿಂತಳು. ಮಾಳವ್ವನ ಮಗಳು.

“ಬಾಗಿಲು ಬಡಿಯದೆ ನುಗ್ಗುವ ಕಳ್ಳ ಯಾರು?” ಅರಸ ಕೇಳಿದ.

“ಚಳಿಗಾಳಿ, ಬುದ್ಧೀ.”

“ಎಷ್ಟು ಸಾಕಿದರೂ ಕಿಟಕಿ ತೆರೆದೊಡನೆ ಓಡಿಹೋಗುವವನು?”

“ಒಲೆ ಬಿಸಿ. ಈಗ ನಾನೊಂದು ಕೇಳ್ತೀನಿ. ಕಳ್ಳನೇ ಬರದ ಮನೇಲಿ ಕೂಸು ಯಾಕೆ ಬಾಡ್ತದೆ?”

ಅರಸ ಕೂಸಿನ ಕೋಣೆಯತ್ತ ತಿರುಗಿದ. ಪುಟ್ಟೀರಿಯೇ ಉತ್ತರ ಹೇಳಿದಳು.

“ಬಿಟ್ಟ ಉಸ್ರನ್ನೇ ಮತ್ತೆ ಎಳ್ಕೊಂಡು. ನಮ್ಮವ್ವ ಕಿಟಕಿ ತೆಗೆದದ್ದು ಅದಕ್ಕೇಯ.”

“ಹಾಗಾದರೆ ಮೂರನೆಯದು ಹೇಳು,” ಅರಸ ಗುಡುಗಿದ. “ಕಳ್ಳನನ್ನು ಒಳಗೆ ಕರೆಯಬೇಕು, ಕಳವಾಗಬಾರದು. ಹೇಗೆ?”

ಪುಟ್ಟೀರಿ ಕೂಸಿನ ಕೋಣೆಯ ಗೋಡೆ ಕೊರೆಸಿ ಕೊಳವೆ ಕೂರಿಸಿದಳು. ದಪ್ಪ ಕೊಳವೆಯೊಳಗೆ ತೆಳ್ಳನೆಯ ಇನ್ನೊಂದು ಕೊಳವೆ. ಗಾಳಿ ಊದಲು ಒಳಗೊಂದು ಹೊರಗೊಂದು, ಎರಡು ತಿದಿ ಒತ್ತಿಸಿದಳು.

“ಹಳೇ ಗಾಳಿ ಒಳಗೊಳವೇಲಿ ಆಚೆ ಹೋಯ್ತದೆ. ಹೊಸದು ಅದರ ಸುತ್ತ ಹಾದು ಒಳಕ್ಕೆ ಬತ್ತದೆ. ಒಂದಕ್ಕೊಂದು ಬೆರೆಯಾಕಿಲ್ಲ. ಹೋಗೋದು ತನ್ನ ಬಿಸಿ ಮಣ್ಣಿಗೆ ಕೊಡ್ತದೆ, ಬರೋದು ಮಣ್ಣಿಂದ ಇಸ್ಕೊಳ್ತದೆ. ಕೈಯಿಟ್ಟು ನೋಡಿ.”

ಅರಸ ಅಂಗೈ ಒಡ್ಡಿದ. ಗಾಳಿ ಬಿಸಿಯಾಗಿರಲಿಲ್ಲ, ಆದರೆ ಚಳಿ ಮುರಿದಿತ್ತು. ಮಧ್ಯಾಹ್ನದ ಹೊತ್ತಿಗೆ ಕೂಸು ಕಾಲು ಬಡಿದು ಹಾಲಿಗೆ ಅತ್ತಿತು. ಎಷ್ಟೋ ದಿನದ ಮೇಲೆ ಆ ಅಳು ಕೇಳಿ ಅರಸನ ಕಣ್ಣು ತುಂಬಿತು.

“ಅರ್ಧ ರಾಜ್ಯ ಕೇಳು, ಕೊಡುತ್ತೇನೆ.”

“ರಾಜ್ಯ ನೀವೇ ಇಟ್ಕೊಳ್ಳಿ. ನಮ್ಮವ್ವನ್ನ ಬಿಡಿ, ಆ ಇಬ್ರನ್ನೂ ಬಿಡಿ. ಆಮೇಲೆ ನಿಮ್ದು ತಪ್ಪು ಅಂತ ಡಂಗುರ ಹೊಡೆಸಿ.”

“ಅರಸ ತಪ್ಪೊಪ್ಪಿಕೊಳ್ಳುವುದೇ?”

“ನಮ್ಮವ್ವನ ಗಲ್ಲು ಊರಿಗೆಲ್ಲ ಕೇಳಿಸ್ತು. ಇದೂ ಕೇಳಿಸ್ಲಿ. ಮಾತು ಕೊಟ್ಟೋರು ನೀವು.”

ಸಂಜೆ ಬೀದಿ ಬೀದಿಯಲ್ಲಿ ಡಂಗುರ ಮೊಳಗಿತು. “ಕೇಳ್ರಪ್ಪೋ ಕೇಳಿ! ಕಿಟಕಿ ತೆರೆದ ಮಾಳವ್ವನದೇ ಸರಿ, ಅರಸರದು ತಪ್ಪು!”

ಮಾಳವ್ವನ ಮನೆ ಮುಂದೆ ಮಾತ್ರ ಡಂಗುರದವನು ಅದನ್ನು ಎರಡು ಸಲ ಸಾರಿದ.