ಅಳುತ್ತಿದ್ದ ಕಾರು

"ಗುರುಗಳೇ, ಜಪಕ್ಕೆ ಕೂತರೆ ಮನಸ್ಸು ಸಂತೆಯಂತೆ ಗದ್ದಲ ಮಾಡುತ್ತದೆ. ಒಂದು ಗಂಟೆಯ ಜಪವನ್ನು ಮೂರು ಗಂಟೆ ಮಾಡಿದೆ. ಗದ್ದಲವೂ ಹೆಚ್ಚಿತು. ಇನ್ನು ಐದು ಗಂಟೆ ಕೂರಲೇ?" ಎಂದು ಶಿಷ್ಯ ಬಲು ಉತ್ಸಾಹದಿಂದ ಕೇಳಿದ.

"ಭಲೇ! ಕೂರುವ ಮೊದಲು ಒಂದು ಕತೆ ಕೇಳು" ಎಂದು ಗುರು ಶುರುಮಾಡಿದರು.

ಒಬ್ಬ ಜವಳಿ ವ್ಯಾಪಾರಿಯ ಬಳಿ ಅವನ ಅಪ್ಪನ ಕಾಲದ ಕಾರಿತ್ತು. ಅವನ ಒಬ್ಬಳೇ ಮಗಳಿಗೆ ಮದುವೆ ಗೊತ್ತಾಯಿತು. ಗಂಡನ ಮನೆಗೆ ಹೋದರೆ ತಾತನ ಕಾರಿನಲ್ಲೇ ಎಂದು ಅವಳು ಹಟ ಹಿಡಿದಳು. ವ್ಯಾಪಾರಿಗೆ ಸ್ವರ್ಗ ಮೂರೇ ಗೇಣು. ಕಾರಿಗೆ ಬಣ್ಣ ಹೊಡೆಸಿದ. ದಾರಿಯುದ್ದಕ್ಕೂ ಹಾಡು ಮೊಳಗಲಿ ಎಂದು ಡ್ಯಾಶ್‌ಬೋರ್ಡಿನೊಳಗೆ ದೊಡ್ಡದೊಂದು ರೇಡಿಯೊ ತುರುಕಿಸಿದ.

ನಾಲ್ಕೇ ದಿನಕ್ಕೆ ಕಾರು ಕೀಚಲು ದನಿಯಲ್ಲಿ ಅಳತೊಡಗಿತು. ವೇಗ ತೋರಿಸುವ ಮುಳ್ಳು ಕುಣಿಯತೊಡಗಿತು. ಬೀಗರ ಕಡೆಯ ಅಜ್ಜಿಯೊಬ್ಬರು ಅದನ್ನು ಕೇಳಿ, "ಹೆಣ್ಣು ಹೊರಡುವಾಗ ಗಾಡಿ ಅಳೋದು ಅಪಶಕುನ. ಬೇರೆ ಗಾಡಿ ತನ್ನಿ" ಎಂದುಬಿಟ್ಟರು. ಮಗಳ ಕಣ್ಣು ತುಂಬಿತು.

ಸದ್ದು ಆ ಮುಳ್ಳನ್ನು ತಿರುಗಿಸುವ ಸ್ಪೀಡೋಮೀಟರಿನ ಕೇಬಲ್‌ನದು ಎಂದು ವ್ಯಾಪಾರಿ ಕಂಡುಕೊಂಡ. ಎಣ್ಣೆ ಬಿಟ್ಟ. ಒಂದು ದಿನ ಸುಮ್ಮನಿದ್ದು ಮತ್ತೆ ಕಿರುಚಿತು. ಹೊಸ ಕೇಬಲ್ ಹಾಕಿಸಿದ. ಅದೂ ಕಿರುಚಿತು. ಕೊನೆಗೆ ಅಳು ಕೇಳಿಸದಿರಲಿ ಎಂದು ರೇಡಿಯೊ ದನಿಯನ್ನೇ ಏರಿಸಿದ. ಆಹಾ, ಎಂಥ ಉಪಾಯ! ಈಗ ಹಾಡೂ ಹಾಡಾಗಿ ಕೇಳದು, ಅಳುವೂ ನಿಲ್ಲದು.

ಮದುವೆಗೆ ಎರಡೇ ದಿನ ಉಳಿದಿತ್ತು. ಎದ್ದೆನೋ ಬಿದ್ದೆನೋ ಎಂದು ಓಡಿಹೋಗಿ ಒಬ್ಬ ಮುದಿ ಮೆಕ್ಯಾನಿಕ್‌ನನ್ನು ಕರೆತಂದ. ಅವನು ಡ್ಯಾಶ್‌ಬೋರ್ಡಿನ ಅಡಿಗೆ ಕೈ ಹಾಕಿ ತಡವಿ ನಕ್ಕ.

"ಕೇಬಲ್‌ದು ಏನೂ ತಪ್ಪಿಲ್ಲ ಸ್ವಾಮಿ. ಅದು ಆರಾಮಾಗಿ ಬಾಗಿ ಬಳಸ್ಕೊಂಡು ಬರಬೇಕು. ನಿಮ್ಮ ರೇಡಿಯೊ ಅದನ್ನ ಮೂಲೆಗೊತ್ತಿ ಕತ್ತು ಹಿಸುಕ್ತಾ ಐತೆ. ತೆಗೆದುಬಿಡ್ಲಾ?"

"ಹಾಡಿಲ್ಲದೆ ಮಗಳನ್ನ ಕಳಿಸೋದೇನಯ್ಯಾ?"

"ಮತ್ತೆ ಅಳಿಸ್ಕೊಂಡು ಕಳಿಸ್ತೀರಾ?"

ವ್ಯಾಪಾರಿ ತಲೆಯಾಡಿಸಿದ. ರೇಡಿಯೊ ಹೊರಬಂತು. ಕೇಬಲ್ ತನ್ನ ಜಾಗಕ್ಕೆ ಮರಳಿತು. ಮೆಕ್ಯಾನಿಕ್ ಅದಕ್ಕೆ ತೆಳ್ಳಗೆ ಗ್ರೀಸ್ ಸವರಿ ಕೂರಿಸಿದ. ಕಾರು ಓಡಿಸಿ ನೋಡಿದರೆ ಸದ್ದೇ ಇಲ್ಲ! ಮುಳ್ಳು ಕುಣಿಯದೆ ವೇಗಕ್ಕೆ ತಕ್ಕಂತೆ ಏರಿಳಿಯಿತು. ವ್ಯಾಪಾರಿ ಕುಣಿದಾಡುವುದೊಂದು ಬಾಕಿ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರಿಗೆ ಮೂರು ಸುತ್ತು ಹಾಕಿದ. ಅಜ್ಜಿಯೂ ಒಪ್ಪಿದರು. ಮಗಳು ಹೊರಟ ದಿನ ಹಾಡಿಗೂ ಕೊರತೆಯಾಗಲಿಲ್ಲ. ಹಿಂದೆ ಕೂತ ಹೆಂಗಸರೇ ಗಂಟಲು ಬಿಟ್ಟು ಸೋಬಾನೆ ಹಾಡಿದರು.

ಕತೆ ಮುಗಿಯಿತು. ಶಿಷ್ಯ ಚಪ್ಪಾಳೆ ತಟ್ಟಿ, "ತಿಳಿಯಿತು ಗುರುಗಳೇ! ಮನಸ್ಸನ್ನು ಹಿಸುಕಬಾರದು. ನಾಳೆಯಿಂದ ನಿಧಾನವಾಗಿ ಐದು ಗಂಟೆ ಜಪಿಸುತ್ತೇನೆ" ಎಂದ.

ಗುರು ಮೆಲ್ಲಗೆ ಕೇಳಿದರು: "ನಿನ್ನ ಮನೆಯಲ್ಲಿರುವುದು ಒಂದೇ ಕೋಣೆ; ನೀನು ಜಪಕ್ಕೆ ಕೂತಾಗ ನಿನ್ನ ಹೆಂಡತಿ ಕೂಸನ್ನೆತ್ತಿಕೊಂಡು ಯಾವ ಮೂಲೆಗೆ ಸರಿಯುತ್ತಾಳಪ್ಪಾ?"