ಉಳಿದ ಮೂರು ಪಾದಗಳು

ದೇವದಾನ ಕೇಳಿದ: "ಅಯ್ಯನವರೇ, ಪ್ರೀತಿ ವಾಸಿಮಾಡುತ್ತದೆ ಎಂದು ನೀವು ಕಲಿಸಿದಿರಿ. ಹದಿನಾಲ್ಕು ತಿಂಗಳು ನಾನು ಹೆಂಡತಿಯ ಮಂಚದ ಪಕ್ಕದಲ್ಲಿ ಕುಳಿತೆ. ಬೇಸರದ ಒಂದು ಮಾತನ್ನೂ ಆಡಲಿಲ್ಲ. ಅವಳು ಉಳಿಯಲಿಲ್ಲ. ಇನ್ನೊಬ್ಬ ರೋಗಿಯ ಬಳಿಗೆ ಹೋಗಿ ನಾನು ಏನೆಂದು ಹೇಳಲಿ?"

ದೇವದಾನ ಮಿಷನ್ ಆಸ್ಪತ್ರೆಯಲ್ಲಿ ಗಾಯಗಳಿಗೆ ಪಟ್ಟಿ ಕಟ್ಟುವ ಕೆಲಸದಲ್ಲಿದ್ದ. ಆ ಕೆಲಸವನ್ನು ಬಿಡುತ್ತೇನೆಂದು ತಿಳಿಸಲು ಬಂದಿದ್ದ. ಅಯ್ಯನವರು ಅವನಿಗೆ ದೀಕ್ಷಾಸ್ನಾನ ಕೊಟ್ಟವರು, ಅಕ್ಷರ ಕಲಿಸಿದವರು. ಅವರು ಸಮಾಧಾನದ ಮಾತು ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಂದು ಗುಡ್ಡದ ಮೇಲೆ ಕುಷ್ಠರೋಗಿಗಳ ಆಶ್ರಮವಿದೆ. ಅಲ್ಲಿ ಕೊಡುವ ಔಷಧ ರೋಗವನ್ನು ನಿಲ್ಲಿಸುತ್ತದೆ. ಆದರೆ ಒಮ್ಮೆ ಹೋದ ಸ್ಪರ್ಶ ಮರಳುವುದಿಲ್ಲ. ಅಂಗಾಲಿಗೆ ಮುಳ್ಳು ಚುಚ್ಚಿದರೂ ಕೆಂಡ ತಾಗಿದರೂ ನೋವಾಗುವುದಿಲ್ಲ. ನೋವಿಲ್ಲದ ಕಾರಣ ಮನುಷ್ಯ ಅದೇ ಕಾಲನ್ನು ಊರಿ ನಡೆಯುತ್ತಾನೆ, ಗಾಯ ಒಳಗೊಳಗೇ ಬೆಳೆಯುತ್ತದೆ. ಆದ್ದರಿಂದ ಅಲ್ಲಿ ಒಂದು ನಿಯಮವಿದೆ. ಸಂಜೆಯ ಪ್ರಾರ್ಥನೆ ಮುಗಿದ ಮೇಲೆ, ಬೆಳಕಿರುವಾಗಲೇ, ಇಬ್ಬಿಬ್ಬರು ಎದುರುಬದುರು ಕುಳಿತು ಒಬ್ಬರ ಪಾದವನ್ನು ಇನ್ನೊಬ್ಬರು ನೋಡಬೇಕು. ನನ್ನದನ್ನು ನಾನೇ ನೋಡಿಕೊಂಡೆ ಎಂದರೆ ಒಪ್ಪುವುದಿಲ್ಲ. ಬೆರಳುಗಳ ಸಂದು ಬಿಡಿಸಿ ನೋಡಬೇಕು. ಅಂಗಾಲಿನ ಮೇಲೆ ಕೈಯಿಟ್ಟು ನೋಡಬೇಕು. ಒಳಗೆ ಹುಣ್ಣಾಗುತ್ತಿದ್ದರೆ ಆ ಜಾಗ ಬಿಸಿಯಾಗಿರುತ್ತದೆ.

ಒಬ್ಬ ಬಟ್ಟೆ ವ್ಯಾಪಾರಿ ಆ ಆಶ್ರಮಕ್ಕೆ ಸೇರಿದ. ಅವನ ಪಾದಗಳಲ್ಲಿ ಮಾತ್ರ ಸ್ಪರ್ಶ ಹೋಗಿತ್ತು, ಕೈಗಳು ಚೆನ್ನಾಗಿದ್ದವು. ಅವನಿಗೆ ಜೊತೆಯಾದವನು ಒಬ್ಬ ಚಪ್ಪಲಿ ಹೊಲಿಯುವವನು. ಚಪ್ಪಲಿಯವನಿಗೆ ಕೈಬೆರಳುಗಳಲ್ಲಿಯೂ ಸ್ಪರ್ಶ ಇರಲಿಲ್ಲ. ಅದಕ್ಕೆ ಅವನು ವ್ಯಾಪಾರಿಯ ಅಂಗಾಲನ್ನು ಎತ್ತಿ ತನ್ನ ಕೆನ್ನೆಗೆ ಒತ್ತಿ ಹಿಡಿದು, ಬಿಸಿ ಇದೆಯೇ ಎಂದು ತಿಳಿಯುತ್ತಿದ್ದ. ದಿನವೂ ಹಾಗೆಯೇ ಮಾಡುತ್ತಿದ್ದ.

ವ್ಯಾಪಾರಿ ತನ್ನ ಸರದಿ ಬಂದಾಗ ಬಗ್ಗುತ್ತಿರಲಿಲ್ಲ. ಊರಿನಲ್ಲಿ ಚಪ್ಪಲಿ ಹೊಲಿಯುವವರನ್ನು ಅವನು ಅಂಗಡಿಯ ಮೆಟ್ಟಿಲು ಹತ್ತಗೊಟ್ಟವನಲ್ಲ. ಈಗ ಅವರ ಕಾಲನ್ನು ತೊಡೆಯ ಮೇಲೆ ಇಟ್ಟುಕೊಳ್ಳುವುದು ಅವನಿಂದಾಗಲಿಲ್ಲ. ಎದ್ದು ನಿಂತು, ದೂರದಿಂದ ಒಮ್ಮೆ ಕಣ್ಣು ಹಾಯಿಸಿ, "ಏನೂ ಇಲ್ಲ" ಎನ್ನುತ್ತಿದ್ದ.

ಚಪ್ಪಲಿಯವನು ನಗುತ್ತಿದ್ದ. "ಸಾಹುಕಾರರೇ, ಅಂಗಡಿಯಲ್ಲಿ ಸೀರೆಯ ಅಂಚನ್ನು ಮೂಗಿಗೆ ತಾಗಿಸಿಕೊಂಡು ನೋಡುತ್ತಿದ್ದಿರಂತೆ. ನನ್ನ ಕಾಲಿಗೆ ಅಷ್ಟು ಮರ್ಯಾದೆ ಬೇಡ ಬಿಡಿ."

"ನನ್ನ ಕಣ್ಣು ಚುರುಕಾಗಿದೆ" ಎನ್ನುತ್ತಿದ್ದ ವ್ಯಾಪಾರಿ. "ನಿಂತರೂ ಕಾಣುತ್ತದೆ."

ಚಪ್ಪಲಿಯವನು ಆ ಮಾತನ್ನು ನಂಬಿದ.

ಆಶ್ರಮಕ್ಕೆ ಹೊಸದಾಗಿ ಬಂದವರ ಚಪ್ಪಲಿಗಳಲ್ಲಿ ಮೊಳೆಗಳಿರುತ್ತಿದ್ದವು. ಅವನ್ನು ಕಿತ್ತು, ಮೊಳೆಯಿಲ್ಲದೆ ಮತ್ತೆ ಹೊಲಿದು ಕೊಡುವುದು ಅವನ ಕೆಲಸ. ಹಾಗೆ ಕಿತ್ತ ಒಂದು ಮೊಳೆ ಅವನ ಬಲ ಹಿಮ್ಮಡಿಯಲ್ಲಿ ನಾಟಿತು. ಅವನಿಗೆ ಗೊತ್ತಾಗಲಿಲ್ಲ. ಹತ್ತೊಂಬತ್ತು ಸಂಜೆ ಅವನು ಕಾಲು ಚಾಚಿದ. ಹತ್ತೊಂಬತ್ತು ಸಂಜೆಯೂ ವ್ಯಾಪಾರಿ "ಏನೂ ಇಲ್ಲ" ಎಂದ. ಇಪ್ಪತ್ತನೆಯ ದಿನ ಚಪ್ಪಲಿಯವನು ಜ್ವರದಿಂದ ಬಿದ್ದ. ಕೀವು ಮೂಳೆಯವರೆಗೆ ಇಳಿದಿತ್ತು. ಪಾದವನ್ನು ಕತ್ತರಿಸಿ ತೆಗೆಯಬೇಕಾಯಿತು.

ಆಶ್ರಮದ ಆಸ್ಪತ್ರೆಯ ಸಿಸ್ಟರ್ ಅವನನ್ನು ಕೇಳಿದರು: "ಇಷ್ಟಾಗುವವರೆಗೆ ನಿನ್ನ ಕಾಲು ನೋಡುತ್ತಿದ್ದವರು ಯಾರಪ್ಪ?"

"ಮೊಳೆ ನನ್ನದು, ಕಾಲೂ ನನ್ನದು. ನಡುವೆ ಇನ್ನೊಬ್ಬರ ಹೆಸರು ಯಾಕೆ, ಸಿಸ್ಟರ್?" ಎಂದ ಅವನು.

ವ್ಯಾಪಾರಿ ಬಾಗಿಲಲ್ಲಿ ನಿಂತಿದ್ದ. ಈ ಮಾತನ್ನು ಕೇಳಿ, ಒಳಗೆ ಹೋಗದೆ ಹಿಂದಿರುಗಿದ.

ಆ ಮೇಲೆ ಅವನು ತನ್ನ ಪಾದಗಳನ್ನು ಯಾರಿಗೂ ತೋರಿಸಲಿಲ್ಲ. ಬೇರೆ ಜೊತೆ ಕೊಡುತ್ತೇವೆಂದರೂ ಒಪ್ಪಲಿಲ್ಲ. ಪ್ರಾರ್ಥನೆಗೆ ಬರುತ್ತಿದ್ದ, ಬಾಯಿ ತೆರೆಯುತ್ತಿರಲಿಲ್ಲ. ಬೈಬಲಿನಲ್ಲಿ ಕರ್ತನು ಕುಷ್ಠರೋಗಿಯನ್ನು ಮುಟ್ಟಿದ ಭಾಗವನ್ನು ಓದಿದ ದಿನ ಅರ್ಧಕ್ಕೆ ಎದ್ದು ಹೊರಗೆ ಹೋದ. ಏಳನೆಯ ವಾರ ಆಶ್ರಮ ಬಿಟ್ಟುಹೋಗಲು ಗಂಟು ಕಟ್ಟಿದ. ಹೊರಗೆ ಅವನ ಪಾದಗಳನ್ನು ನೋಡುವವರು ಯಾರೂ ಇರಲಿಲ್ಲ. ಹೋದರೆ ಎರಡೂ ಪಾದಗಳು ಒಂದು ವರ್ಷ ಉಳಿಯುವುದಿಲ್ಲ ಎಂದು ಅವನಿಗೆ ತಿಳಿದಿತ್ತು. ಅಷ್ಟೇ ತನಗೆ ತಕ್ಕದ್ದು ಎಂದುಕೊಂಡಿದ್ದ.

ಆ ಸಂಜೆ ಚಪ್ಪಲಿಯವನು ಊರುಗೋಲು ಊರಿಕೊಂಡು ಬಂದ. ಗಂಟನ್ನು ನೋಡಿದ. ಕಷ್ಟಪಟ್ಟು ನೆಲದ ಮೇಲೆ ಕುಳಿತು, ಮಂಚದ ಮೇಲಿದ್ದ ವ್ಯಾಪಾರಿಯ ಪಾದವನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡ.

"ಎಡ ಹಿಮ್ಮಡಿ ಬಿಸಿಯಾಗಿದೆ" ಎಂದ. "ನಾಳೆ ನಡೆಯಬೇಡಿ."

ವ್ಯಾಪಾರಿ ಹೇಳಿದ: "ನಿನ್ನ ಕಾಲನ್ನು ನಾನು ಒಂದು ದಿನವೂ ನೋಡಿರಲಿಲ್ಲ."

"ಗೊತ್ತು. ಮೊಳೆಯನ್ನು ತೆಗೆದು ತೋರಿಸಿದರಲ್ಲ, ಆಗಲೇ ಗೊತ್ತಾಯಿತು. ಕುರುಡನಿಗೂ ಕಾಣುವಷ್ಟು ಉದ್ದವಿತ್ತು."

"ಗೊತ್ತಿದ್ದೂ ಯಾಕೆ ಬಂದೆ?"

"ನಿಮ್ಮವು ಎರಡಿವೆ, ನನ್ನದು ಒಂದಿದೆ" ಎಂದ ಚಪ್ಪಲಿಯವನು. "ಮೂರನ್ನು ಉಳಿಸಿಕೊಳ್ಳಬೇಕಲ್ಲ, ಸಾಹುಕಾರರೇ."

ಹೀಗೆ ಹೇಳಿ ತನ್ನ ಎಡಗಾಲನ್ನು ಮುಂದಕ್ಕೆ ಚಾಚಿದ. ವ್ಯಾಪಾರಿ ಬಹಳ ಹೊತ್ತು ಅದನ್ನು ನೋಡುತ್ತಾ ಇದ್ದ. ಆಮೇಲೆ ನೆಲಕ್ಕೆ ಕುಳಿತ. ಆ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡ. ಬೆರಳುಗಳ ಸಂದನ್ನು ಒಂದೊಂದಾಗಿ ಬಿಡಿಸಿ ನೋಡಿದ. ಅಂಗೈಯನ್ನು ಅಂಗಾಲಿನ ಮೇಲೆ ಇಟ್ಟವನು ತೆಗೆಯಲಿಲ್ಲ.

ಕೊನೆಗೆ ಚಪ್ಪಲಿಯವನೇ ಹೇಳಬೇಕಾಯಿತು: "ಸಾಹುಕಾರರೇ, ನೋಡಿದ್ದು ಸಾಕು. ಊಟದ ಗಂಟೆ ಹೊಡೆದು ಎಷ್ಟೋ ಹೊತ್ತಾಯಿತು."

ಗಂಟನ್ನು ಮರುದಿನ ಬಿಚ್ಚಿದರು. ಇಪ್ಪತ್ತೆರಡು ವರ್ಷ ಅವರಿಬ್ಬರೂ ದಿನಕ್ಕೊಮ್ಮೆ ಹೀಗೆ ಕುಳಿತರು.

ಅಯ್ಯನವರು ಇಷ್ಟು ಹೇಳಿ ನಿಲ್ಲಿಸಿದರು.

ದೇವದಾನ ಕೇಳಿದ: "ಅವರ ಪಾದಗಳಿಗೆ ಸ್ಪರ್ಶ ಮರಳಿತೇ?"

"ಇಲ್ಲ."

"ಕತ್ತರಿಸಿದ ಪಾದ ಬರಲಿಲ್ಲ. ಹೋದ ಸ್ಪರ್ಶ ಬರಲಿಲ್ಲ. ಹಾಗಿದ್ದರೆ, ಅಯ್ಯನವರೇ, ಆ ಪ್ರೀತಿ ವಾಸಿಮಾಡಿದ್ದಾದರೂ ಏನನ್ನು? ಅವಳನ್ನು ಮಣ್ಣಿಗಿಟ್ಟು ಬಂದ ಈ ಕೈಗಳಿಂದ ನಾನು ಇನ್ನು ಏನು ಮಾಡಲಿ?"

ಅಯ್ಯನವರು ಹೇಳಿದರು: "ಚಪ್ಪಲಿಯವನು ಹೋದ ತಿಂಗಳು ತೀರಿಕೊಂಡ, ವ್ಯಾಪಾರಿಗೆ ಇನ್ನೊಬ್ಬ ಜೊತೆ ಸಿಕ್ಕಿಲ್ಲ. ಅವನ ಪಾದಗಳನ್ನು ಈಗ ಯಾರೂ ನೋಡುತ್ತಿಲ್ಲ."