ಪಾಲಯ್ಯನ ಕರೆಂಟು ಆಟೋ

ಚಳ್ಳಕೆರೆ ಕಡೆ ಒಂದೂರಲ್ಲಿ ತಿಪ್ಪಮ್ಮ ಅಂತ ಒಬ್ಬಳಿದ್ದಳು. ಗಂಡ ತೀರಿಕೊಂಡಿದ್ದ. ಇದ್ದ ಒಬ್ಬ ಮಗ ಪಾಲಯ್ಯ. ಹೇಳಿದ್ದನ್ನ ಹೇಳಿದಷ್ಟೇ ಮಾಡೋನು. ‘ಇವನು ಹೆಂಗೆ ಬಾಳ್ತಾನಪ್ಪ’ ಅಂತ ಅವಳಿಗೆ ಅದೇ ಕೊರಗು.

ಸರ್ಕಾರದೋರು ಸಬ್ಸಿಡೀಲಿ ಕರೆಂಟು ಆಟೋ ಕೊಡ್ತಾರೆ ಅಂತ ಗೊತ್ತಾಗಿ, ತಿಪ್ಪಮ್ಮ ಓಡಾಡಿ ಮಗನಿಗೊಂದು ಕೊಡಿಸಿದಳು. ಬೀಗದಕೈ ಕೊಡುವಾಗ ಸಾಹೇಬರು, “ಇನ್ಮೇಲೆ ಹೊಗೆ ಅನ್ನೋದೇ ಇರಬಾರದು ನೋಡಪ್ಪ” ಅಂದರು. ಪಾಲಯ್ಯ ಮನೆಗೆ ಬಂದವನೇ ಮುದ್ದೆ ಬೇಯ್ತಿದ್ದ ಒಲೆಗೆ ಒಂದು ಕೊಡ ನೀರು ಸುರಿದ.

“ಅಯ್ಯೋ ಮಂಕೆ, ಒಲೆ ನಿನಗೇನು ಮಾಡಿತ್ತೋ? ಹೋಗು, ಜನ ಇರೋ ಕಡೆ ಗಾಡಿ ನಿಲ್ಲಿಸು.”

ಮಾರನೇ ದಿನ ಹೋದ. ಎಲ್ಲಿ ಜನ? ಪೆಟ್ರೋಲ್ ಬಂಕಲ್ಲಿ ಜನ. ಸಾಲಲ್ಲಿ ನಿಂತ. ಸರದಿ ಬಂತು.

“ಎಷ್ಟಕ್ಕೆ ಹಾಕಲಿ?”

“ಏನೂ ಬೇಡಣ್ಣ. ಅವ್ವ ನಿಲ್ಲು ಅಂದಳು, ನಿಂತಿದೀನಿ.”

ಬೈದು ಆಚೆ ತಳ್ಳಿದರು. ಅವನು ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತ. ಸಂಜೆವರೆಗೂ ಇದೇ. ಸ್ಟ್ಯಾಂಡಿನ ಆಟೋದೋರು ಅವನ ಜೊತೆ ಮಾತಾಡ್ತಿರಲಿಲ್ಲ. “ಆ ಗಾಡಿ ಮುಟ್ಟಬೇಡ್ರೋ, ಶಾಕ್ ಹೊಡೀತದೆ” ಅಂತ ನಗೋರು. ಸಾಲಲ್ಲಾದರೆ ಹಿಂದೆ ಒಬ್ಬರು ಮುಂದೆ ಒಬ್ಬರು ಇರ್ತಿದ್ದರು. ಪಾಲಯ್ಯನಿಗೆ ಅದೇ ಹಿತವಾಗಿತ್ತು.

ತಿಪ್ಪಮ್ಮ ಹಣೆ ಚಚ್ಚಿಕೊಂಡಳು. “ಸುಮ್ಮನೆ ನಿಂತರೆ ಯಾರೋ ಹತ್ತುತಾರೆ? ಬಾಯಿಬಿಟ್ಟು ಕರಿ. ಕೇಳಿದ್ದಕ್ಕೆ ನಿಜ ಹೇಳು.”

ಕರೆದ. ಗಂಡಹೆಂಡತಿ ಹತ್ತಿ ಕೂತರು.

“ಈ ಬ್ಯಾಟರಿಗೆ ಬೆಂಕಿ ಹತ್ತಿಕೊಳ್ತದಂತಲ್ಲಪ್ಪ, ನಿಜವೇನು?”

“ಹತ್ತಿದ್ದನ್ನ ನಾನೂ ಫೋನಲ್ಲಿ ನೋಡಿದೀನಿ. ನಂದು ಇನ್ನೂ ಹತ್ತಿಲ್ಲ.”

“ದಾರೀಲಿ ನಿಂತುಹೋದರೆ?”

“ನಿಂತುಹೋಗ್ತದೆ.”

ಇಬ್ಬರೂ ಇಳಿದುಹೋದರು. ಸಂಜೆ ಖಾಲಿ ಗಾಡಿ ಮನೆಗೆ ಬಂತು. ಅದಕ್ಕೆ ಸದ್ದೂ ಇಲ್ಲ; ಅವನು ಬಂದಿದ್ದು ಅವ್ವನಿಗೂ ಗೊತ್ತಾಗಲಿಲ್ಲ. ಬಾಗಿಲಲ್ಲಿ ಸುಮ್ಮನೆ ಕೂತಿದ್ದ ಮಗನನ್ನ ನೋಡಿ ತಿಪ್ಪಮ್ಮ ಮೊದಲು ಮುದ್ದೆ ಹಾಕಿಕೊಟ್ಟಳು. ಆಮೇಲೆ ನಡೆದದ್ದನ್ನ ಕೇಳಿ ಬೈದಳು.

“ಹತ್ತಿದೋರನ್ನ ಇಳಿಯೋಕೆ ಬಿಡ್ತಾರೇನೋ?”

ಮಾರನೇ ದಿನ ಬಳೆ ಮಾರೋ ಪೀರಸಾಬರು ಹತ್ತಿದರು. ನಡೆದು ನಡೆದು ದಣಿದಿದ್ದರು. “ಬಸ್‌ಸ್ಟ್ಯಾಂಡಿಗೆ ಬಿಡಪ್ಪ” ಅಂದರು. ಬಸ್‌ಸ್ಟ್ಯಾಂಡ್ ಬಂತು, ಹೋಯಿತು.

“ಲೋ, ನಿಲ್ಲಿಸೋ.”

“ಇಳಿಯೋಕೆ ಬಿಡಬಾರದಂತೆ ಸಾಬರೆ.”

ಪೀರಸಾಬರು ಬೈದರು, ಬೇಡಿಕೊಂಡರು, ಕೊನೆಗೆ ಸಾಕಾಗಿ ಒರಗಿ ಕೂತರು. ಕೂತ ಮೇಲೆ ಮಾತು ಬಂತು. ಬಳೆ ಮಾತು, ಸತ್ತ ಹೆಂಡತಿ ಮಾತು. ಪಾಲಯ್ಯ ಹೂಂಗುಡ್ತಾ ಊರನ್ನ ಸುತ್ತಿದ, ಸುತ್ತಿದ. ಹೊತ್ತು ಇಳೀತು. ಕೆರೆ ಏರಿ ಮೇಲೆ ಗಾಡಿ ನಿಂತೇಹೋಯಿತು.

“ನಾನಿಳಿದು ತಳ್ತೀನಿ ಬಿಡು” ಅಂದರು ಸಾಬರು.

“ನೀವು ಇಳಿಯಂಗಿಲ್ಲ.”

ಅವರನ್ನ ಕೂರಿಸಿಕೊಂಡೇ ಪಾಲಯ್ಯ ಒಬ್ಬನೇ ಮನೆತನಕ ತಳ್ಳಿಕೊಂಡು ಬಂದ. ತಿಪ್ಪಮ್ಮ ಆಚೆ ಬಂದು ನೋಡಿ ಗೋಡೆ ಹಿಡಿದು ನಿಂತಳು.

“ಇಳಿಸೋ ಅವರನ್ನ. ನೀರು ಕೊಟ್ಟು, ಹುಷಾರಾಗಿ ಬಸ್ಸಿಗೆ ಮುಟ್ಟಿಸಿ ಬಾ.”

ಪಾಲಯ್ಯ ನೀರು ಕೊಟ್ಟ. ಗಾಡೀನ ಚಾರ್ಜಿಗೆ ಹಾಕಿದ. ಆಮೇಲೆ ಪೀರಸಾಬರನ್ನ ಬಳೆಗಂಟಿನ ಸಮೇತ ಬೆನ್ನಮೇಲೆ ಹೊತ್ತುಕೊಂಡು ಹೊರಟ.

“ಸಾಬರೆ, ನಾಳೇನೂ ಬರ್ತೀರಾ?” ಅಂತ ದಾರೀಲಿ ಕೇಳಿದ.

ಪೀರಸಾಬರು ಬಿದ್ದುಗಿದ್ದೇನು ಅಂತ ಅವನ ಕೊರಳನ್ನ ಇನ್ನೂ ಬಿಗಿಯಾಗಿ ತಬ್ಬಿಕೊಂಡರು.